ಮೊಬೈಲಿನಲ್ಲಿ ಆಗುವ ಒಪ್ಪಂದ: ಇಸ್ಲಾಮಿಕ್ ಬ್ಯಾಂಕುಗಳ ಆ್ಯಪ್, ಅದರ ವೇಗ, ಅದರ ಮೇಲಿನ ಭರವಸೆ

(ದತ್ತಿ ಉಪನ್ಯಾಸದ ಪಠ್ಯ)



ವಾಣಿಜ್ಯದವರಿಗೂ ತಂತ್ರಜ್ಞಾನದವರಿಗೂ ಒಟ್ಟಿಗೆ ಉಪಯೋಗವಾಗುವ ವಿಷಯ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದರು. ಬ್ಯಾಂಕಿಂಗ್ ತಂತ್ರಾಂಶದ ಕೆಲಸದಲ್ಲೇ ದುಡಿದವನು ನಾನು. ಅದರಲ್ಲೂ ಇಸ್ಲಾಮಿಕ್ ಬ್ಯಾಂಕುಗಳ ಮೊಬೈಲ್ ಆ್ಯಪ್‌ಗಳ ಹಿಂದಿನ ಕೆಲಸವನ್ನು ಹತ್ತಿರದಿಂದ ಕಂಡವನು. ಅದನ್ನೇ ಮಾತಾಡುತ್ತೇನೆ. ಇಂಡೋನೇಷ್ಯಾದಿಂದ ಶುರು ಮಾಡೋಣ.

2023ರ ಮೇ 8, ಸೋಮವಾರ. ಇಂಡೋನೇಷ್ಯಾದ ಅತಿ ದೊಡ್ಡ ಇಸ್ಲಾಮಿಕ್ ಬ್ಯಾಂಕಾದ ಬ್ಯಾಂಕ್ ಶರಿಯಾ ಇಂಡೋನೇಷ್ಯಾದ ಸೇವೆ ಅಂದು ನಿಂತುಹೋಯಿತು. ಜನರ ಬಾಯಲ್ಲಿ ಅದು ಬಿಎಸ್‌ಐ. ಮೂರು ಸರ್ಕಾರಿ ಬ್ಯಾಂಕುಗಳ ಇಸ್ಲಾಮಿಕ್ ಅಂಗಸಂಸ್ಥೆಗಳನ್ನು ಒಂದುಗೂಡಿಸಿ 2021ರ ಫೆಬ್ರವರಿ 1ರಂದು ಕಟ್ಟಿದ ಬ್ಯಾಂಕು ಅದು. ಮೊಬೈಲ್ ಆ್ಯಪ್ ತೆರೆಯಲಿಲ್ಲ, ಎಟಿಎಂ ಹಣ ಕೊಡಲಿಲ್ಲ, ಶಾಖೆಗೆ ಹೋದವರಿಗೆ ಕೌಂಟರಿನಲ್ಲೂ ಕೆಲಸ ಆಗಲಿಲ್ಲ. ಮೊದಲು ಬಂದ ವಿವರಣೆ, ವ್ಯವಸ್ಥೆಯ ನಿರ್ವಹಣೆ ನಡೆಯುತ್ತಿದೆ ಎಂದು. ದಿನ ಕಳೆದರೂ ಸೇವೆ ಪೂರ್ತಿ ಮರಳಲಿಲ್ಲ. ಅದೇ ವಾರದ ಕೊನೆಗೆ ಲಾಕ್‌ಬಿಟ್ ಎಂಬ ಸುಲಿಗೆಕೋರ ಹ್ಯಾಕರ್ ಗುಂಪು ಇದು ತನ್ನದೇ ಕೆಲಸ ಎಂದಿತು, 1.5 ಟೆರಾಬೈಟ್ ಮಾಹಿತಿ, ಒಂದೂವರೆ ಕೋಟಿ ಜನರ ವಿವರ ತನ್ನ ಕೈಯಲ್ಲಿದೆ ಎಂದು ಹೇಳಿಕೊಂಡಿತು. ಗ್ರಾಹಕರ ಹಣ ಮತ್ತು ಮಾಹಿತಿ ಸುರಕ್ಷಿತವಾಗಿದೆ ಎಂದು ಬ್ಯಾಂಕು ಹೇಳಿತು, ಕ್ಷಮೆ ಕೇಳಿತು.

ಬೇರೆ ಊರಿನವರಿಗೆ ಇದು ತೊಂದರೆ. ಆಚೆ ಎಂಬ ಪ್ರಾಂತದವರಿಗೆ ಸಂಕಟ. ಸುಮಾತ್ರಾ ದ್ವೀಪದ ಉತ್ತರದ ತುದಿಯಲ್ಲಿದೆ ಆಚೆ. ಐವತ್ತು ಲಕ್ಷಕ್ಕೂ ಹೆಚ್ಚು ಜನ. 2004ರ ಸುನಾಮಿಯಲ್ಲಿ ಅತಿ ಹೆಚ್ಚು ನಲುಗಿದ ನೆಲ. ಅಲ್ಲಿನ ಪ್ರಾಂತೀಯ ಸರ್ಕಾರ 2018ರಲ್ಲಿ ಒಂದು ಕಾನೂನು ಮಾಡಿತು: ಆಚೆಯಲ್ಲಿ ಕೆಲಸ ಮಾಡುವ ಹಣಕಾಸು ಸಂಸ್ಥೆಗಳೆಲ್ಲ ಶರೀಅತ್‌ಗೆ ತಕ್ಕಂತೆ ನಡೆಯಬೇಕು. ಸಾಂಪ್ರದಾಯಿಕ ಬ್ಯಾಂಕುಗಳು ಶಾಖೆ ಮುಚ್ಚಿ ಹೊರಟವು. ಉಳಿದ ದೊಡ್ಡ ಬ್ಯಾಂಕುಗಳೆಂದರೆ ಬಿಎಸ್‌ಐ ಮತ್ತು ಪ್ರಾಂತದ ಸ್ವಂತ ಬ್ಯಾಂಕ್ ಆಚೆ. ಇಂಥ ಊರಲ್ಲಿ ಬಿಎಸ್‌ಐ ನಿಂತರೆ ಜನ ಎಲ್ಲಿಗೆ ಹೋಗಬೇಕು? ಸಂಬಳ ಅಲ್ಲೇ, ವ್ಯಾಪಾರದ ಖಾತೆ ಅಲ್ಲೇ, ಹಜ್ ಉಳಿತಾಯವೂ ಬಹುಪಾಲು ಅಲ್ಲೇ. ಆ ವರ್ಷದ ಹಜ್ ಯಾತ್ರಿಕರು ಬಾಕಿ ಹಣ ಕಟ್ಟುತ್ತಿದ್ದ ದಿನಗಳೂ ಅವೇ ಆಗಿದ್ದವು. ಕೆಲವೇ ದಿನಗಳಲ್ಲಿ ಆಚೆಯಲ್ಲಿ ಚರ್ಚೆ ಎದ್ದಿತು: ಕಾನೂನನ್ನು ತಿದ್ದಿ ಸಾಂಪ್ರದಾಯಿಕ ಬ್ಯಾಂಕುಗಳನ್ನು ಮತ್ತೆ ಕರೆಯಬೇಕೇ?

ಆ ಚರ್ಚೆಯನ್ನು ನಾನು ಗಮನವಿಟ್ಟು ಓದಿದೆ. ಸರ್ವರ್‌ಗಳ ರಕ್ಷಣೆಯಲ್ಲಿ ಬಿದ್ದ ಒಂದು ಬಿರುಕು ಒಂದು ಇಡೀ ಸಮಾಜದ ಧಾರ್ಮಿಕ ಆಯ್ಕೆಯನ್ನೇ ಪ್ರಶ್ನೆಗೆ ಒಡ್ಡಿತು. ಬಡ್ಡಿ ಬೇಡ ಎಂದು ನಿರ್ಧರಿಸಿದ ಜನ, ಆ ನಿರ್ಧಾರ ತಪ್ಪಾಯಿತೇ ಎಂದು ಕೇಳಿಕೊಳ್ಳುವ ಸ್ಥಿತಿ ಬಂತು. ಈ ಭಾರ ಬೇರೆ ಬ್ಯಾಂಕುಗಳ ಎಂಜಿನಿಯರುಗಳ ಹೆಗಲ ಮೇಲೆ ಇಲ್ಲ. ಇಸ್ಲಾಮಿಕ್ ಬ್ಯಾಂಕಿನ ಎಂಜಿನಿಯರ್ ಅದನ್ನು ಹೊರಲೇಬೇಕು, ಆತ ಯಾವ ಧರ್ಮದವನಾದರೂ.

ನಮ್ಮಲ್ಲಿ ಇಂಥ ಬ್ಯಾಂಕು ಇಲ್ಲ, ಹಾಗಾಗಿ ಎರಡು ಮಾತು ಹಿನ್ನೆಲೆ ಹೇಳಬೇಕು. ಸಾಲಕ್ಕೆ ಬಡ್ಡಿ ತೆಗೆದುಕೊಳ್ಳುವುದನ್ನು ಇಸ್ಲಾಂ ನಿಷೇಧಿಸುತ್ತದೆ. ಆದ್ದರಿಂದ ಈ ಬ್ಯಾಂಕುಗಳು ವ್ಯಾಪಾರ, ಬಾಡಿಗೆ, ಪಾಲುದಾರಿಕೆಗಳ ಮೂಲಕ ದುಡಿಯುತ್ತವೆ. ಈಜಿಪ್ಟಿನ ಮಿತ್ ಘಮ್ರ್ ಎಂಬ ಊರಲ್ಲಿ 1963ರಲ್ಲಿ ಇಂಥ ಬ್ಯಾಂಕಿಂಗ್ ಸಣ್ಣ ಉಳಿತಾಯದ ಪ್ರಯೋಗವಾಗಿ ಆರಂಭವಾಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕ್ ಬಂತು. 1983ರಲ್ಲಿ ಮಲೇಷ್ಯಾ ಇದಕ್ಕೆಂದೇ ಕಾಯ್ದೆ ಮಾಡಿತು. ನಮ್ಮ ದೇಶದಲ್ಲಿ ರಘುರಾಂ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಎಂದಿತು. ಬೆಂಗಳೂರಿನವರಿಗೆ ಈ ವಿಷಯ ಎತ್ತಿದ ಕೂಡಲೇ 2019ರ ಜೂನ್‌ನಲ್ಲಿ ಕುಸಿದ ಐಎಂಎ ನೆನಪಾಗುತ್ತದೆ. ಅದು ಬ್ಯಾಂಕಾಗಿರಲಿಲ್ಲ. ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಬಡವರ ಉಳಿತಾಯವನ್ನು ನುಂಗಿದ ಸಂಸ್ಥೆ. ನಾನು ಹೇಳುತ್ತಿರುವ ಬ್ಯಾಂಕುಗಳಿಗೆ ಕೇಂದ್ರ ಬ್ಯಾಂಕಿನ ಪರವಾನಗಿ ಇದೆ, ಲೆಕ್ಕಪರಿಶೋಧನೆ ಇದೆ, ಅದರ ಮೇಲೆ ಶರೀಅತ್ ಸಮಿತಿಯ ಪರಿಶೋಧನೆಯೂ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಬ್ಯಾಂಕು ಇಲ್ಲದಿದ್ದರೂ ನಂಟು ಇದೆ. ಇನ್ಫೋಸಿಸ್‌ನ ಫಿನಾಕಲ್‌ನಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್‌ಗೆಂದೇ ಒಂದು ಭಾಗ ಇದೆ, ಒರಾಕಲ್‌ನ ಫ್ಲೆಕ್ಸ್‌ಕ್ಯೂಬ್‌ನಲ್ಲೂ ಇದೆ. ಎರಡೂ ನಮ್ಮ ಎಂಜಿನಿಯರುಗಳ ಕೈಯಲ್ಲಿ ಬೆಳೆದ ತಂತ್ರಾಂಶಗಳು. ಇನ್ನೊಂದು ಕಡೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋದ ಎಷ್ಟೋ ಜನ ತಮ್ಮ ಸಂಬಳವನ್ನು ಇಂಥ ಬ್ಯಾಂಕುಗಳ ಆ್ಯಪ್ ಮೂಲಕವೇ ಮನೆಗೆ ಕಳಿಸುತ್ತಾರೆ. ಸಭೆಯಲ್ಲಿ ಕುಳಿತಿರುವ ಕೆಲವರ ಮನೆಯ ಕಂತು ಹಾಗೇ ಬಂದದ್ದಿರಬಹುದು.

ಈಗ ನನ್ನ ಮುಖ್ಯ ಮಾತು. ಆ್ಯಪ್ ನಿಧಾನವಾಯಿತು, ನಡುವೆ ನಿಂತಿತು ಎಂದರೆ ಸಾಮಾನ್ಯ ಬ್ಯಾಂಕಿನಲ್ಲಿ ಗ್ರಾಹಕನಿಗೆ ಬೇಸರ, ಬ್ಯಾಂಕಿಗೆ ನಷ್ಟ. ಇಸ್ಲಾಮಿಕ್ ಬ್ಯಾಂಕಿನಲ್ಲಿ ಅದರಿಂದ ಒಪ್ಪಂದವೇ ಕೆಡಬಹುದು. ಯಾಕೆಂದರೆ ಅಲ್ಲಿ ವ್ಯಾಪಾರ ನಡೆಯುವ ಜಾಗವೇ ಆ್ಯಪ್.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಮಲೇಷ್ಯಾದಲ್ಲಿ ಒಬ್ಬ ಗ್ರಾಹಕಿಗೆ ತುರ್ತಾಗಿ ಇಪ್ಪತ್ತು ಸಾವಿರ ರಿಂಗಿಟ್ ಬೇಕು. ಬ್ಯಾಂಕು ಅಷ್ಟನ್ನು ಕೊಟ್ಟು ಬಡ್ಡಿ ಸೇರಿಸಿ ವಾಪಸ್ ಕೇಳುವ ಹಾಗಿಲ್ಲ. ಅದಕ್ಕೆ ತವರ್ರುಕ್ ಎಂಬ ದಾರಿ. ಬ್ಯಾಂಕು ಮೊದಲು ಇಪ್ಪತ್ತು ಸಾವಿರ ರಿಂಗಿಟ್ ಬೆಲೆಯ ಸರಕನ್ನು ಕೊಳ್ಳುತ್ತದೆ. ಮಲೇಷ್ಯಾದಲ್ಲಿ ಅದು ಹೆಚ್ಚಾಗಿ ಕಚ್ಚಾ ಪಾಮ್ ಎಣ್ಣೆ. ಇದಕ್ಕೆಂದೇ ಅಲ್ಲಿನ ಷೇರು ವಿನಿಮಯ ಕೇಂದ್ರ 2009ರಲ್ಲಿ ಬುರ್ಸಾ ಸೂಕ್ ಅಲ್-ಸಿಲಾ ಎಂಬ ವಿದ್ಯುನ್ಮಾನ ಮಾರುಕಟ್ಟೆ ತೆರೆಯಿತು. ಕೊಂಡ ಎಣ್ಣೆಯನ್ನು ಬ್ಯಾಂಕು ಲಾಭ ಸೇರಿಸಿ, ಕಂತಿನಲ್ಲಿ ತೀರಿಸುವ ಬೆಲೆಗೆ ಗ್ರಾಹಕಿಗೆ ಮಾರುತ್ತದೆ. ಆಕೆಯ ಪರವಾಗಿ, ಆಕೆಯ ಏಜೆಂಟನಾಗಿ, ಬ್ಯಾಂಕು ಅದನ್ನು ಮಾರುಕಟ್ಟೆಯಲ್ಲಿ ನಗದಿಗೆ ಮಾರುತ್ತದೆ. ಆ ನಗದು ಆಕೆಯ ಖಾತೆಗೆ. ಇದು ಸುತ್ತುಬಳಸಿನ ದಾರಿ, ಬಡ್ಡಿಯ ಇನ್ನೊಂದು ವೇಷ ಎಂದು ಆಕ್ಷೇಪಿಸುವ ವಿದ್ವಾಂಸರು ಇಸ್ಲಾಮಿನೊಳಗೇ ಇದ್ದಾರೆ. ಅವರ ಆಕ್ಷೇಪದಲ್ಲಿ ತೂಕವಿದೆ ಎಂದೇ ನಾನೂ ತಿಳಿದಿದ್ದೇನೆ. ಆದರೆ ಆ ಆಕ್ಷೇಪ ಇರುವುದರಿಂದಲೇ, ಮಾಡುವ ಬ್ಯಾಂಕು ಒಂದೊಂದು ಹೆಜ್ಜೆಯನ್ನೂ ನಿಜವಾಗಿ, ಸರಿಯಾದ ಕ್ರಮದಲ್ಲಿ ಮಾಡಬೇಕು. ಬ್ಯಾಂಕಿನ ಕೈಗೆ ಸರಕು ಬರುವ ಮೊದಲೇ ಅದನ್ನು ಮಾರಿದರೆ, ಸಂತೆಯಲ್ಲಿ ಇನ್ನೂ ಕೊಳ್ಳದ ಎತ್ತನ್ನು ಮಾರಿದಂತೆ. ಆ ಮಾರಾಟ ಊರ್ಜಿತವಲ್ಲ.

ಈ ಕೊಳ್ಳುವುದು, ಮಾರುವುದು, ಮತ್ತೆ ಮಾರುವುದು ಎಲ್ಲವೂ ಗ್ರಾಹಕಿ ‘ಒಪ್ಪಿದ್ದೇನೆ’ ಎಂದು ಬೆರಳಿಟ್ಟ ಮೇಲೆ ಕೆಲವು ಸೆಕೆಂಡುಗಳಲ್ಲಿ ಮುಗಿಯಬೇಕು. ಆ ಸೆಕೆಂಡುಗಳಲ್ಲಿ ಆ್ಯಪ್‌ನಿಂದ ಬ್ಯಾಂಕಿನ ಮುಂಬಾಗಿಲ ಸರ್ವರ್‌ಗೆ, ಅಲ್ಲಿಂದ ಸಾಲದ ವ್ಯವಸ್ಥೆಗೆ, ಅಲ್ಲಿಂದ ಹೊರಗಿನ ಸರಕು ಮಾರುಕಟ್ಟೆಗೆ, ವಾಪಸ್ ಕೋರ್ ಬ್ಯಾಂಕಿಂಗ್‌ಗೆ ಕೋರಿಕೆಗಳು ಓಡಾಡುತ್ತವೆ. ಸರಕು ಮಾರುಕಟ್ಟೆ ಉತ್ತರ ಕೊಡಲು ತಡಮಾಡಿತು ಎನ್ನಿ. ಆ್ಯಪ್ ಕಾದು ಕಾದು ಟೈಮ್‌ಔಟ್ ಆಯಿತು. ಪರದೆಯ ಮೇಲೆ ‘ದಯವಿಟ್ಟು ಮತ್ತೆ ಪ್ರಯತ್ನಿಸಿ’. ಆಕೆ ಮತ್ತೆ ಒತ್ತಿದಳು. ಮೊದಲ ಕೋರಿಕೆ ಸತ್ತಿರಲಿಲ್ಲ, ತಡವಾಗಿತ್ತಷ್ಟೇ. ಈಗ ಎಣ್ಣೆ ಎರಡು ಸಲ ಕೊಂಡಾಯಿತು, ಎರಡು ಸಲ ಆಕೆಗೆ ಮಾರಿಯೂ ಆಯಿತು. ಆಕೆಯ ತಲೆಯ ಮೇಲೆ ಎರಡು ಋಣ.

ಯುಪಿಐ ಬಳಸುವ ನಮಗೆಲ್ಲ ಇದರ ಅರ್ಧ ಗೊತ್ತು: ಹಣ ಕಟ್ ಆಯ್ತು, ಆ ಕಡೆ ಸೇರಲಿಲ್ಲ. ಎರಡು ಮೂರು ದಿನದಲ್ಲಿ ವಾಪಸ್ ಬರುತ್ತದೆ, ಮರೆಯುತ್ತೇವೆ. ಸಾಮಾನ್ಯ ಬ್ಯಾಂಕಿನಲ್ಲಿ ಎರಡನೇ ಸಾಲವನ್ನು ಒಂದು ತಿರುಗು ನಮೂದಿನಿಂದ ಅಳಿಸಬಹುದು. ಇಲ್ಲಿ ಅಳಿಸಬೇಕಾದದ್ದು ನಡೆದುಹೋದ ಒಂದು ಮಾರಾಟ. ಮಾರಾಟವನ್ನು ರದ್ದು ಮಾಡಲು ಕೊಂಡವರು ಮಾರಿದವರು ಇಬ್ಬರೂ ಒಪ್ಪಬೇಕು. ಇಸ್ಲಾಮಿಕ್ ಧರ್ಮಶಾಸ್ತ್ರವಾದ ಫಿಕ್‌ಹ್‌ನಲ್ಲಿ ಇದಕ್ಕೆ ಇಕಾಲಾ ಎಂಬ ಪದ್ಧತಿಯೇ ಇದೆ. ರಾತ್ರಿ ಪಾಳಿಯ ಹುಡುಗ ಡೇಟಾಬೇಸಿಗೆ ಹೋಗಿ ಒಂದು ಸಾಲು ಡಿಲೀಟ್ ಮಾಡಿದರೆ ಲೆಕ್ಕ ಸರಿಹೋದೀತು, ಒಪ್ಪಂದ ಸರಿಹೋಗದು.

ಇದಕ್ಕೆ ಪರಿಹಾರ ಇದೆ, ಕಷ್ಟದ್ದೂ ಅಲ್ಲ. ಆಕೆ ಒಪ್ಪಿಗೆ ಕೊಟ್ಟ ಕ್ಷಣದಲ್ಲಿ ಮೊಬೈಲೇ ಆ ಕೋರಿಕೆಗೆ ಒಂದು ವಿಶಿಷ್ಟ ಗುರುತು ಸಂಖ್ಯೆ ಅಂಟಿಸಬೇಕು. ಎಷ್ಟು ಸಲ ಒತ್ತಿದರೂ ಸಂಖ್ಯೆ ಅದೇ. ಸರ್ವರ್ ಆ ಸಂಖ್ಯೆಯನ್ನು ಹಿಂದೆ ಕಂಡಿದ್ದರೆ ಹೊಸ ವ್ಯಾಪಾರ ಶುರು ಮಾಡದೆ ಹಳೆಯದರ ಸ್ಥಿತಿಯನ್ನಷ್ಟೇ ತಿಳಿಸಬೇಕು. ನಮ್ಮ ವೃತ್ತಿಯಲ್ಲಿ ಇದನ್ನು ಐಡೆಂಪೊಟೆನ್ಸಿ ಕೀ ಎನ್ನುತ್ತಾರೆ. ಹಣ ಮುಟ್ಟುವ ತಂತ್ರಾಂಶ ಬರೆಯುವವರು ಮೊದಲ ವರ್ಷದಲ್ಲೇ ಕಲಿಯಬೇಕಾದದ್ದು. ಜೊತೆಗೆ ಪರದೆಯ ಮೇಲಿನ ಮಾತೂ ಬದಲಾಗಬೇಕು. ‘ಮತ್ತೆ ಪ್ರಯತ್ನಿಸಿ’ ಎನ್ನುವ ಬದಲು ‘ನಿಮ್ಮ ಕೋರಿಕೆ ನಮ್ಮಲ್ಲಿದೆ, ಮುಗಿದ ಕೂಡಲೇ ತಿಳಿಸುತ್ತೇವೆ’ ಎಂದರೆ ಅರ್ಧ ಅನಾಹುತ ತಪ್ಪುತ್ತದೆ.

ಇನ್ನೊಂದು ಸಂಗತಿ, ಇದನ್ನು ನಾನೇ ಕಂಡದ್ದು. ಬ್ಯಾಂಕಿನ ಹೆಸರು ಬೇಡ. ಶರೀಅತ್ ಪರಿಶೋಧನೆಗೆ ಬಂದಿದ್ದ ವಯಸ್ಸಾದ ವಿದ್ವಾಂಸರೊಬ್ಬರು ತವರ್ರುಕ್ ವ್ಯವಹಾರಗಳ ಪಟ್ಟಿಯನ್ನು ಮುದ್ರಿಸಿ ಕೊಡಿ ಎಂದರು. ಸಾಲು ಸಾಲಾಗಿ ಸ್ಕೇಲಿಟ್ಟು ನೋಡುತ್ತಾ ಹೋದರು. ಒಂದು ಕಡೆ ಬೆರಳು ನಿಲ್ಲಿಸಿ, “ಇದರಲ್ಲಿ ಮಾರಾಟ ಮೊದಲು ಆಗಿದೆ, ಖರೀದಿ ಆಮೇಲೆ. ಹೇಗೆ?” ಎಂದು ಕೇಳಿದರು. ನೋಡಿದರೆ ನಿಜ: ಖರೀದಿಯ ಸಮಯಕ್ಕಿಂತ ಮಾರಾಟದ ಸಮಯ ಮೂರು ಸೆಕೆಂಡು ಹಿಂದೆ. ವ್ಯವಹಾರ ಸರಿಯಾದ ಕ್ರಮದಲ್ಲೇ ನಡೆದಿತ್ತು. ಖರೀದಿಯನ್ನು ದಾಖಲಿಸುವ ಸರ್ವರ್‌ನ ಗಡಿಯಾರ ಮೂರು ಸೆಕೆಂಡಿಗೂ ಹೆಚ್ಚು ಮುಂದೆ ಓಡುತ್ತಿತ್ತು, ಅಷ್ಟೇ. ಆದರೆ ಅದನ್ನು ಸಾಬೀತು ಮಾಡಲು ತಂಡಕ್ಕೆ ಎಷ್ಟೋ ದಿನ ಹಿಡಿಯಿತು. ಎಲ್ಲ ಸರ್ವರ್‌ಗಳ ಗಡಿಯಾರವನ್ನು ಒಂದೇ ಮೂಲಕ್ಕೆ ಹೊಂದಿಸಿಡುವುದು ಎಲ್ಲರೂ ಮಾಡುವ, ಯಾರೂ ಗಮನಿಸದ ಚಿಲ್ಲರೆ ಕೆಲಸ. ಇಲ್ಲಿ ಅದೇ ಒಪ್ಪಂದದ ಸಾಕ್ಷಿ. ಅಂದಿನಿಂದ ಆ ತಂಡದವರು ಸಮಯವನ್ನು ನೆಚ್ಚಿಕೊಳ್ಳುವುದನ್ನು ಬಿಟ್ಟು, ಖರೀದಿಯ ಪ್ರಮಾಣಪತ್ರದ ಸಂಖ್ಯೆ ಕೈಗೆ ಬರದೆ ಮಾರಾಟದ ಹೆಜ್ಜೆ ಶುರುವೇ ಆಗದಂತೆ ತಂತ್ರಾಂಶವನ್ನು ಕಟ್ಟಿದರು. ಆ ಹಿರಿಯರು ಸ್ಕೇಲಿಟ್ಟು ನೋಡಿದ ಆ ತಾಳ್ಮೆಗೆ ನಾನು ಇಂದಿಗೂ ಋಣಿ.

ಇಂಥ ಪ್ರಶ್ನೆ ಹೊಸದೇನಲ್ಲ. ಇಸ್ಲಾಮಿಕ್ ರಾಷ್ಟ್ರಗಳ ಒಕ್ಕೂಟದ ಫಿಕ್‌ಹ್ ಅಕಾಡೆಮಿ 1990ರಲ್ಲೇ ಜಿದ್ದಾದಲ್ಲಿ ಸೇರಿ, ಟೆಲೆಕ್ಸ್, ಫ್ಯಾಕ್ಸ್, ಕಂಪ್ಯೂಟರ್ ಪರದೆಯ ಮೂಲಕ ಮಾಡಿದ ಒಪ್ಪಂದ ನಡೆಯುತ್ತದೆಯೇ ಎಂದು ಚರ್ಚಿಸಿತ್ತು. ನಡೆಯುತ್ತದೆ ಎಂದಿತು. ಆದರೆ ಕೆಲವನ್ನು ಹೊರಗಿಟ್ಟಿತು: ಸಾಕ್ಷಿಗಳು ಬೇಕಾದ ಮದುವೆ, ಮುಂಗಡ ಪೂರ್ತಿ ಕೊಡಬೇಕಾದ ಸಲಮ್ ಎಂಬ ವ್ಯಾಪಾರ, ಮತ್ತು ಎರಡೂ ಕಡೆಯವರು ಆಗಿಂದಾಗಲೇ ಕೈ ಬದಲಿಸಬೇಕಾದ ನಾಣ್ಯ-ಚಿನ್ನದ ವಿನಿಮಯ. ಮೊಬೈಲ್ ಆ್ಯಪ್ ಕಾಣದ ಕಾಲದಲ್ಲಿ ಕುಳಿತು ಆ ವಿದ್ವಾಂಸರು, ದೂರದ ಸಂಪರ್ಕದಲ್ಲಿ ಎಲ್ಲಿ ತಡವಾದರೆ ಅಪಾಯ ಎಂಬುದನ್ನು ಬೆರಳಿಟ್ಟು ತೋರಿಸಿದ್ದರು.

ಇಂದು ಮಲೇಷ್ಯಾ, ಇಂಡೋನೇಷ್ಯಾ, ತುರ್ಕಿಯ ಇಸ್ಲಾಮಿಕ್ ಬ್ಯಾಂಕುಗಳ ಆ್ಯಪ್‌ನಲ್ಲಿ ಗ್ರಾಂ ಲೆಕ್ಕದಲ್ಲಿ ಚಿನ್ನ ಕೊಳ್ಳಬಹುದು. ಬಹರೈನ್‌ನ ಲೆಕ್ಕಪತ್ರ ಮಾನದಂಡ ಸಂಸ್ಥೆ ಎಎಒಐಎಫ್‌ಐ 2016ರಲ್ಲಿ ಚಿನ್ನದ ಬಗ್ಗೆಯೇ 57ನೇ ಸಂಖ್ಯೆಯ ಶರೀಅತ್ ಮಾನದಂಡ ಪ್ರಕಟಿಸಿತು. ಹಣ ಕೊಟ್ಟ ಕೂಡಲೇ ಚಿನ್ನದ ಒಡೆತನ ಖಚಿತವಾಗಿ ಗ್ರಾಹಕನಿಗೆ ಬರಬೇಕು ಎಂಬುದು ತಿರುಳು. ಈಗ ಆಧುನಿಕ ತಂತ್ರಾಂಶದ ರೂಢಿ ನೋಡಿ: ಹೊರೆ ಹೆಚ್ಚಾದಾಗ ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸಿ, ಹಣ ಕಡಿತ ಈಗ, ಚಿನ್ನದ ಖಾತೆಗೆ ಜಮೆ ಸ್ವಲ್ಪ ಹೊತ್ತಿನ ಮೇಲೆ ಎಂದು ಮಾಡುತ್ತಾರೆ. ಕೊನೆಗೆ ಎಲ್ಲ ಹೊಂದುತ್ತದೆ ಎಂಬ ನಂಬಿಕೆ. ಅಂಗಡಿಯ ಆರ್ಡರ್‌ಗೆ ಅದು ಸಾಕು. ಚಿನ್ನಕ್ಕೆ ಸಾಲದು. ಎರಡೂ ಕೂಡಿ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಹೊರೆ ತಾಳದಿದ್ದರೆ ಚಿನ್ನದ ವಿಭಾಗವನ್ನು ಆ ಹೊತ್ತಿಗೆ ಮುಚ್ಚಿ ‘ಈಗ ಸಾಧ್ಯವಿಲ್ಲ’ ಎಂದು ಹೇಳುವುದೇ ನೇರ. ವೇಗಕ್ಕಾಗಿ ವ್ಯಾಪಾರದ ಮರ್ಯಾದೆ ಬಿಡಬಾರದು.

ಹೊರೆಯ ಮಾತು ಬಂತಲ್ಲ, ಅದರ ಕ್ಯಾಲೆಂಡರ್ ಬಗ್ಗೆ ಹೇಳಬೇಕು. ಯಾವುದೇ ಬ್ಯಾಂಕಿನಲ್ಲಿ ಸಂಬಳದ ದಿನ ಒತ್ತಡ ಇರುತ್ತದೆ. ಅದು ಗೊತ್ತಿರುವ ದಿನ. ಇಸ್ಲಾಮಿಕ್ ಬ್ಯಾಂಕಿಗೆ ಇನ್ನೊಂದು, ಹಿಜರಿ ಎಂಬ ಚಂದ್ರನ ಕ್ಯಾಲೆಂಡರ್ ಇದೆ. ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ‘ಕಳೆದ ಏಪ್ರಿಲ್‌ನಲ್ಲಿ ಇಷ್ಟಿತ್ತು, ಈ ಏಪ್ರಿಲ್‌ಗೆ ಶೇ. 20 ಹೆಚ್ಚು ಇಟ್ಟುಕೊಳ್ಳೋಣ’ ಎಂದು ಲೆಕ್ಕ ಹಾಕುವ ತಂಡ ಎಡವುತ್ತದೆ. ಇಂಡೋನೇಷ್ಯಾದಲ್ಲಿ 2023ರ ಈದ್ ಏಪ್ರಿಲ್ 22ಕ್ಕೆ ಬಂದರೆ, 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಹಬ್ಬದ ಖರೀದಿ, ತಿಂಗಳ ಕೊನೆ, ತ್ರೈಮಾಸಿಕದ ಲೆಕ್ಕ ಮುಕ್ತಾಯ ಎಲ್ಲ ಒಂದೇ ಕಡೆ ಬಂದು ಬಿದ್ದವು. 2030ರಲ್ಲಂತೂ ಒಂದೇ ವರ್ಷದೊಳಗೆ ರಮಝಾನ್ ಎರಡು ಬಾರಿ ಆರಂಭವಾಗುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಅಂದಾಜು ಹಾಕುವ ಕೋಷ್ಟಕದಲ್ಲಿ ಹಿಜರಿ ತಿಂಗಳಿಗೂ ಒಂದು ಕಾಲಂ ಇರಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಅದಕ್ಕಿಂತ ಸೂಕ್ಷ್ಮ ಒಂದಿದೆ. ಈದ್ ನಾಳೆಯೋ ನಾಡಿದ್ದೋ ಎಂಬುದು ಅನೇಕ ದೇಶಗಳಲ್ಲಿ ಹಿಂದಿನ ಸಂಜೆ ಚಂದ್ರನನ್ನು ನೋಡಿದ ಮೇಲೆಯೇ ತೀರ್ಮಾನ. ಪ್ರಕಟಣೆ ಬಂದ ಆ ಸಂಜೆ ಇಡೀ ದೇಶ ಒಟ್ಟಿಗೆ ಮೊಬೈಲ್ ತೆಗೆಯುತ್ತದೆ: ಹಬ್ಬದ ಹಣ ಕಳಿಸಲು, ಈ ಹಬ್ಬದ ಕಡ್ಡಾಯ ದಾನವಾದ ಫಿತ್ರ್ ಝಕಾತ್ ಕೊಡಲು. ಫಿತ್ರ್ ಝಕಾತನ್ನು ಈದ್ ನಮಾಝಿಗೆ ಮೊದಲೇ ಕೊಡಬೇಕು. ನಮಾಝಿನ ನಂತರ ಕೊಟ್ಟರೆ ಅದು ಸಾಮಾನ್ಯ ದಾನ ಮಾತ್ರ. ಈದಿನ ಬೆಳಗ್ಗೆ ಆರು ಗಂಟೆಗೆ ಆ್ಯಪ್ ತೆರೆಯದಿದ್ದರೆ ಬೆಳಗ್ಗೆ ಹತ್ತಕ್ಕೆ ಸರಿಮಾಡಿ ಏನು ಪ್ರಯೋಜನ? ಆ ಮನುಷ್ಯನ ಕರ್ತವ್ಯದ ಹೊತ್ತು ಮುಗಿದಿರುತ್ತದೆ. ಹಾಗಾಗಿ ಹೊಸ ರಿಲೀಸ್‌ಗಳನ್ನು ತಡೆಹಿಡಿಯುವ ಅವಧಿ ರಮಝಾನಿನ ಕೊನೆಯ ಹತ್ತು ದಿನ ಮತ್ತು ಈದ್ ಆಗಬಹುದಾದ ಎರಡೂ ದಿನಗಳನ್ನು ಒಳಗೊಳ್ಳಬೇಕು. ಲೋಡ್ ಟೆಸ್ಟ್ ಮಾಡುವಾಗ ನಿಧಾನವಾಗಿ ಏರುವ ಹೊರೆ ಕೊಟ್ಟು ತೃಪ್ತರಾಗಬಾರದು. ಚಂದ್ರದರ್ಶನದ ಪ್ರಕಟಣೆಯಂತೆ ಒಂದೇ ನಿಮಿಷದಲ್ಲಿ ನೆಗೆಯುವ ಹೊರೆ ಕೊಟ್ಟು ನೋಡಬೇಕು.

ಈ ಆ್ಯಪ್‌ಗಳಲ್ಲಿ ಹಣದ ಜೊತೆ ಬೇರೆಯೂ ಇರುತ್ತದೆ. ಬಿಎಸ್‌ಐ ಮೊಬೈಲ್ ಆ್ಯಪ್‌ನಲ್ಲಿ ನಮಾಝಿನ ವೇಳೆ, ನಮಾಝಿಗೆ ಮುಖ ಮಾಡುವ ಕಿಬ್ಲಾದ ದಿಕ್ಕು, ಹತ್ತಿರದ ಮಸೀದಿ ಎಲ್ಲ ತೋರಿಸುತ್ತಿದ್ದರು. ಜನರಿಗೆ ಅದು ಪ್ರಿಯ. ಆದರೆ ಮೊದಲ ಪುಟ ತೆರೆಯುವಾಗ ನಮಾಝಿನ ವೇಳೆಯನ್ನು ಹೊರಗಿನ ಯಾವುದೋ ಸೇವೆಯಿಂದ ತರಿಸಿಕೊಳ್ಳುವಂತೆ ಬರೆದಿದ್ದರೆ, ಆ ಸೇವೆ ನಿಧಾನವಾದಾಗ ಲಾಗಿನ್ ಕೂಡ ನಿಧಾನವಾಗುತ್ತದೆ. ವೇಳಾಪಟ್ಟಿಯನ್ನು ತಿಂಗಳಿಗೊಮ್ಮೆ ತರಿಸಿ ಫೋನಿನಲ್ಲೇ ಇಟ್ಟುಕೊಳ್ಳಬಹುದು. ಸಿಗದಿದ್ದರೆ ಆ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ತೋರಿಸಬಹುದು. ಯಾವುದು ನಿಂತರೂ ಖಾತೆ ನೋಡುವುದು, ಹಣ ಕಳಿಸುವುದು ನಿಲ್ಲಬಾರದು ಎಂಬ ಶ್ರೇಣಿಯನ್ನು ಮೊದಲೇ ಬರೆದಿಡಬೇಕು.

ಅಳತೆಯ ವಿಚಾರಕ್ಕೆ ಬೇಗ ಬರುತ್ತೇನೆ. ಮಲೇಷ್ಯಾದ ಕೇಂದ್ರ ಬ್ಯಾಂಕು 2020ರ ಜನವರಿಯಿಂದ ಜಾರಿಗೆ ತಂದ ತಂತ್ರಜ್ಞಾನ ಅಪಾಯ ನಿರ್ವಹಣೆಯ ನಿಯಮ ಇಸ್ಲಾಮಿಕ್ ಬ್ಯಾಂಕುಗಳಿಗೂ ಅನ್ವಯ. ಮುಖ್ಯ ವ್ಯವಸ್ಥೆಗಳು ಯಾವುದೇ ಹನ್ನೆರಡು ತಿಂಗಳಲ್ಲಿ ಅನಿರೀಕ್ಷಿತವಾಗಿ ನಿಲ್ಲುವುದು ಒಟ್ಟು 4 ಗಂಟೆ ಮೀರಬಾರದು, ಒಂದು ಘಟನೆ 120 ನಿಮಿಷ ಮೀರಬಾರದು. ವರ್ಷಕ್ಕೆ 8,760 ಗಂಟೆ, ಅದರಲ್ಲಿ ನಾಲ್ಕೇ. ಕಟ್ಟುನಿಟ್ಟಾದ ನಿಯಮ, ಒಳ್ಳೆಯ ನಿಯಮ. ನಮ್ಮ ರಿಸರ್ವ್ ಬ್ಯಾಂಕು 2020ರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಹೊಸ ಡಿಜಿಟಲ್ ಯೋಜನೆಗಳನ್ನು ತಡೆಹಿಡಿದದ್ದು, 2024ರಲ್ಲಿ ಕೋಟಕ್ ಮಹೀಂದ್ರಾ ಬ್ಯಾಂಕು ಆನ್‌ಲೈನ್‌ನಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ಮಾಡಿದ್ದು ಇದೇ ಕಾಳಜಿಯಿಂದ.

ಆದರೆ ‘ನಿಂತಿತು’ ಎಂದರೆ ಏನು? ಸರ್ವರ್ ಉಸಿರಾಡುತ್ತಿದ್ದರೆ ಸಾಕೇ? ಸರಾಸರಿ ಒಂದೂವರೆ ಸೆಕೆಂಡಿನಲ್ಲಿ ಪುಟ ತೆರೆಯುತ್ತದೆ ಎಂಬ ವರದಿ ನೋಡಿ ಮೇಲಿನವರು ಖುಷಿಪಡುತ್ತಾರೆ. ದಿನಕ್ಕೆ ಹತ್ತು ಲಕ್ಷ ಲಾಗಿನ್ ಆಗುವ ಕಡೆ ಶೇ. 99 ಚೆನ್ನಾಗಿದ್ದರೂ ಹತ್ತು ಸಾವಿರ ಸಲ ಯಾರೋ ಕಾದು ಕುಳಿತಿರುತ್ತಾರೆ. ಆ ಹತ್ತು ಸಾವಿರದಲ್ಲಿ ಹೆಚ್ಚಿನವರು ಯಾರು? ಹಳೆಯ ಫೋನಿನವರು, ಕಾರ್ಮಿಕರ ಶಿಬಿರದ ವೈಫೈಯನ್ನು ಹತ್ತು ಜನ ಹಂಚಿಕೊಂಡವರು, ಸಂಬಳ ಬಂದ ರಾತ್ರಿ ಊರಿಗೆ ಹಣ ಕಳಿಸಲು ಕಾದವರು. ನಮ್ಮ ಕರಾವಳಿಯ ಹುಡುಗರೂ ಅವರಲ್ಲಿ ಇದ್ದಾರೆ. ಕಚೇರಿಯ ವೈಫೈಯಲ್ಲಿ, ಹೊಸ ಫೋನಿನಲ್ಲಿ ಪರೀಕ್ಷಿಸಿದ ಆ್ಯಪ್ ಅವರ ಪಾಲಿಗೆ ಪರೀಕ್ಷೆಯೇ ಆಗಿಲ್ಲ. ಇಸ್ಲಾಮಿಕ್ ಬ್ಯಾಂಕು ಅಳೆಯಬೇಕಾದದ್ದು ಇಷ್ಟು: ಒಪ್ಪಿಗೆ ಕೊಟ್ಟ ನೂರು ಜನರಲ್ಲಿ ಎಷ್ಟು ಜನರ ಒಪ್ಪಂದ ಸರಿಯಾದ ಕ್ರಮದಲ್ಲಿ, ಒಂದೇ ಸಲ, ಪೂರ್ತಿಯಾಗಿ ಮುಗಿಯಿತು? ಮುಗಿಯದೆ ನಡುವೆ ನೇತಾಡುತ್ತಿರುವುದು ಈ ಗಳಿಗೆಯಲ್ಲಿ ಎಷ್ಟು? ಈ ಎರಡನೇ ಸಂಖ್ಯೆ ನಿಗಾ ಕೊಠಡಿಯ ದೊಡ್ಡ ಪರದೆಯ ಮೇಲೆ ಇರಬೇಕು.

ನಡುವೆ ನೇತಾಡುವುದಕ್ಕೆ ಕಾನೂನಿನ ತೂಕವೂ ಇದೆ. ಮಲೇಷ್ಯಾದ 2013ರ ಇಸ್ಲಾಮಿಕ್ ಹಣಕಾಸು ಸೇವೆಗಳ ಕಾಯ್ದೆಯ ಪ್ರಕಾರ, ಶರೀಅತ್‌ಗೆ ವಿರುದ್ಧವಾದದ್ದು ನಡೆದಿದೆ ಎಂದು ಗೊತ್ತಾದ ಕೂಡಲೇ ಬ್ಯಾಂಕು ಕೇಂದ್ರ ಬ್ಯಾಂಕಿಗೂ ತನ್ನ ಶರೀಅತ್ ಸಮಿತಿಗೂ ತಿಳಿಸಬೇಕು, ಅದನ್ನು ನಿಲ್ಲಿಸಬೇಕು, 30 ದಿನಗಳೊಳಗೆ ಸರಿಪಡಿಸುವ ಯೋಜನೆ ಕೊಡಬೇಕು. ಊರ್ಜಿತವಲ್ಲದ ಒಪ್ಪಂದದಿಂದ ಬಂದ ಲಾಭವನ್ನು ಬ್ಯಾಂಕು ಇಟ್ಟುಕೊಳ್ಳುವಂತಿಲ್ಲ, ದಾನಕ್ಕೆ ಹೋಗಬೇಕು. ಎಂದರೆ ತಂತ್ರಾಂಶದ ಒಂದು ದೋಷ ಲಾಭದ ಲೆಕ್ಕದಿಂದ ಹಣವನ್ನು ಎತ್ತಿ ಹೊರಗೆ ಹಾಕಬಲ್ಲದು. ಇದು ಗೊತ್ತಿದ್ದರೂ ಅನೇಕ ಬ್ಯಾಂಕುಗಳಲ್ಲಿ ಶರೀಅತ್ ಸಮಿತಿ ಒಂದು ಮಹಡಿಯಲ್ಲಿ, ತಂತ್ರಜ್ಞಾನ ವಿಭಾಗ ಇನ್ನೊಂದು ಮಹಡಿಯಲ್ಲಿ. ಹೊಸ ಯೋಜನೆಗೆ ಸಹಿ ಹಾಕುವ ದಿನ ಬಿಟ್ಟರೆ ಭೇಟಿಯಿಲ್ಲ. ಆ್ಯಪ್ ಕೆಟ್ಟ ಮರುದಿನ ನಡೆಯುವ ಪರಿಶೀಲನಾ ಸಭೆಯಲ್ಲಿ ಫಿಕ್‌ಹ್ ಬಲ್ಲವರೊಬ್ಬರು ಕುಳಿತಿರಬೇಕು. ಬೆಂಗಳೂರಿನಲ್ಲಿ ಟೆಸ್ಟ್ ಕೇಸ್ ಬರೆಯುವ ಹುಡುಗಿಗೆ ‘ಹಂತ 2ಕ್ಕಿಂತ ಮೊದಲು ಹಂತ 3 ಆಗಬಾರದು’ ಎಂಬ ನಿಯಮದ ಜೊತೆ ಯಾಕೆ ಆಗಬಾರದು ಎಂಬ ಕಾರಣವನ್ನೂ ಹೇಳಿರಬೇಕು. ಕಾರಣ ಗೊತ್ತಿದ್ದವಳು ನಿಯಮದಲ್ಲಿ ಬರೆಯದ ತಪ್ಪನ್ನೂ ಹಿಡಿಯುತ್ತಾಳೆ.

ಸೇವೆ ನಿಂತಾಗ ನಿಜ ಹೇಳುವುದರ ಬಗ್ಗೆ ಹೆಚ್ಚು ವಿವರ ಬೇಡ, ಬಿಎಸ್‌ಐ ಉದಾಹರಣೆ ಕಣ್ಣ ಮುಂದಿದೆ. ದಾಳಿಯ ತನಿಖೆ ನಡೆಯುವಾಗ ಎಲ್ಲವನ್ನೂ ಬಿಚ್ಚಿಡಲಾಗದು, ಒಪ್ಪುತ್ತೇನೆ. ಆದರೆ ‘ಏನೋ ಗಂಭೀರವಾದದ್ದು ಆಗಿದೆ, ನಿಮ್ಮ ಬಾಕಿ ಇಷ್ಟು ಎಂಬ ದಾಖಲೆ ಬೇರೆ ಕಡೆ ಭದ್ರವಾಗಿದೆ, ಮುಂದಿನ ಸುದ್ದಿ ಎರಡು ಗಂಟೆಗೆ’ ಎಂದು ಹೇಳಲು ಯಾವ ತನಿಖೆಯೂ ಅಡ್ಡ ಬರುವುದಿಲ್ಲ. ವ್ಯಾಪಾರದಲ್ಲಿ ಮುಚ್ಚುಮರೆ ಕೂಡದು ಎಂಬ ತತ್ವದ ಮೇಲೆ ನಿಂತ ಬ್ಯಾಂಕಿಗೆ ಆ ಜವಾಬ್ದಾರಿ ಇನ್ನೂ ಹೆಚ್ಚು.

ಕೊನೆಯದಾಗಿ ಸೇವೆ ನಿಂತ ದಿನವೇ ಕಂತು ಕಟ್ಟಬೇಕಾಗಿದ್ದವರ ವಿಷಯ. ಇಸ್ಲಾಮಿಕ್ ಬ್ಯಾಂಕಿನಲ್ಲಿ ತಡವಾದ ಕಂತಿಗೆ ಬಡ್ಡಿ ಇಲ್ಲ. ಮಲೇಷ್ಯಾದಲ್ಲಿ ತಅವೀಝ್ ಎಂಬ ನಷ್ಟ ಪರಿಹಾರವನ್ನು ಬಾಕಿ ಕಂತಿನ ಮೇಲೆ ವರ್ಷಕ್ಕೆ ಶೇ. 1ರಷ್ಟು ಹಾಕಬಹುದು; ಅದಕ್ಕಿಂತ ಮೀರಿ ದಂಡ ಹಾಕಿದರೆ ಆ ಹಣ ದಾನಕ್ಕೆ ಹೋಗಬೇಕು. ಕೊಲ್ಲಿಯ ಬ್ಯಾಂಕುಗಳಲ್ಲೂ ತಡದ ದಂಡ ದಾನದ ಖಾತೆಗೆ ಹೋಗುವುದೇ ರೂಢಿ. ಮೊತ್ತ ಸಣ್ಣದು. ಆದರೆ ನಷ್ಟ ಪರಿಹಾರ ಎಂಬ ಕಲ್ಪನೆಯೇ, ತಡ ಮಾಡಿದ್ದು ಗ್ರಾಹಕ ಎಂಬುದರ ಮೇಲೆ ನಿಂತಿದೆ. ಹಣ ಖಾತೆಯಲ್ಲಿತ್ತು, ಆತ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಪ್ರಯತ್ನಿಸಿದ, ಆ್ಯಪ್ ತೆರೆಯಲಿಲ್ಲ. ಹನ್ನೆರಡಕ್ಕೆ ದಿನದ ಲೆಕ್ಕ ಮುಗಿಸುವ ಬ್ಯಾಚ್ ಓಡಿತು, ಬಾಕಿ ಕಂಡಿತು, ಪರಿಹಾರ ಹಾಕಿತು. ತಡ ಮಾಡಿದ್ದು ಬ್ಯಾಂಕು, ಪರಿಹಾರ ಕೊಟ್ಟದ್ದು ಆತ. ಸೇವೆ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ನಿಂತಿತ್ತು ಎಂಬ ದಾಖಲೆ ತಂತ್ರಜ್ಞಾನ ವಿಭಾಗದ ಬಳಿ ನಿಮಿಷ ನಿಮಿಷಕ್ಕೂ ಇರುತ್ತದೆ. ವಿಫಲವಾದ ಲಾಗಿನ್‌ಗಳ ಪಟ್ಟಿಯೂ ಇರುತ್ತದೆ. ಈ ಎರಡನ್ನೂ ರಾತ್ರಿಯ ಬ್ಯಾಚ್ ಓಡುವ ಮುನ್ನ ಓದುವಂತೆ ಮಾಡಿ, ಸೇವೆ ನಿಂತ ದಿನದ ಕಂತುಗಳ ಗಡುವನ್ನು ತಾನಾಗಿ ಮುಂದಕ್ಕೆ ಸರಿಸುವುದು ನಾಲ್ಕೈದು ಜನರ ಒಂದು ತಂಡ ಕೆಲವೇ ವಾರಗಳಲ್ಲಿ ಬರೆಯಬಹುದಾದ ತಂತ್ರಾಂಶ. ಗ್ರಾಹಕ ದೂರು ಕೊಟ್ಟ ಮೇಲೆ ಪರಿಶೀಲಿಸಿ ಮನ್ನಾ ಮಾಡುತ್ತೇವೆ ಎನ್ನುವುದು ಸಾಲದು; ದೂರು ಕೊಡಲು ಗೊತ್ತಿಲ್ಲದವನೇ ಹೆಚ್ಚು ಕಳೆದುಕೊಳ್ಳುವವನು. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ನಾಳೆ ಇಂಥ ಬ್ಯಾಂಕಿನ ತಂತ್ರಾಂಶದ ಮೇಲೆ ಕೆಲಸ ಮಾಡಿದರೆ, ದಯವಿಟ್ಟು ಮೊದಲು ಆ ಬ್ಯಾಚಿನ ಕೋಡ್ ತೆರೆದು ನೋಡಿ.